ಸಭಾಭವನಕ್ಕೆ ಒಪ್ಪಿಸಬಹುದಾದ ಕೆಲಸ, ಮದುಮಗನೇ ಮಾಡಬೇಕಾದ ಕೆಲಸ: ಬದಿಯಡ್ಕ ಕಡೆಯ ಒಂದು ಮದುವೆ ವ್ಯವಸ್ಥೆಯ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಉಕ್ಕಿನಡ್ಕ ತಲುಪುವುದಕ್ಕೆ ಮೊದಲು, ಅಡಿಕೆ ತೋಟಗಳ ಮೇಲ್ಬದಿಯಲ್ಲಿರುವ ಸಭಾಭವನವೊಂದರಲ್ಲಿ ಕಳೆದ ಬೇಸಗೆಯಲ್ಲಿ ನನ್ನ ಮದುವೆ ನಡೆಯಿತು. ಅವರು ಬರಿಯ ಜಾಗವನ್ನು ಬಾಡಿಗೆಗೆ ಕೊಡುವವರಲ್ಲ. ಅಡಿಗೆ, ಬಡಿಸುವವರು, ಮಂಟಪದ ಅಲಂಕಾರ, ವಾದ್ಯ, ಮೈಕು, ಕುರ್ಚಿ, ವಾಹನ ನಿಲ್ಲಿಸುವಲ್ಲಿ ಕಾವಲು, ಇವೆಲ್ಲವನ್ನೂ ಒಂದೇ ಕರಾರಿನಲ್ಲಿ ವಹಿಸಿಕೊಳ್ಳುತ್ತಾರೆ. ಇಂತಹ ವ್ಯವಸ್ಥೆಯ ಬಗ್ಗೆ ನಮ್ಮೂರಿನಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ನಿಮಗೆ ಯಾವ ತಲೆಬಿಸಿಯೂ ಇಲ್ಲ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ." ಅವರು ನೋಡಿಕೊಂಡದ್ದು ಎಷ್ಟು, ಹೇಗೆ ಎಂಬುದನ್ನೂ, ಎಷ್ಟೇ ದುಡ್ಡು ಕೊಟ್ಟರೂ ಮದುಮಗನ ಹೆಗಲಿನಿಂದ ಇಳಿಯದ ಕೆಲಸಗಳು ಯಾವುವು ಎಂಬುದನ್ನೂ ಮುಂದೆ ಇಂತಹ ಕರಾರಿಗೆ ಸಹಿ ಹಾಕುವ ತರುಣರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಸಭಾಭವನದ ಹೆಸರನ್ನು ಹಾಕಿಲ್ಲ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಕುಂಬಳೆಯಿಂದ ಮುಳ್ಳೇರಿಯದವರೆಗೆ ನಮ್ಮ ಕಡೆಯ ಹಲವು ಸಭಾಭವನಗಳಿಗೆ ಅನ್ವಯಿಸುತ್ತವೆ.

ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಅವರ ಮೊದಲನೆಯ ಷರತ್ತು. ದಿನ ಗೊತ್ತುಮಾಡಲು ತಂದೆಯವರು ಫೋನ್ ಮಾಡಿದಾಗ ಮ್ಯಾನೇಜರರು, "ಭಟ್ರೇ, ಮಗನನ್ನೂ ಕರಕೊಂಡು ಬನ್ನಿ, ಮದುಮಗನ ಹತ್ತಿರ ಮಾತಾಡದೆ ನಾವು ಪುಸ್ತಕದಲ್ಲಿ ಬರೆಯುವುದಿಲ್ಲ" ಎಂದರಂತೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಉದ್ಯೋಗದಲ್ಲಿರುವ ನಮ್ಮಂಥವರು ಮದುವೆಯ ಹಿಂದಿನ ದಿನ ಊರಿಗೆ ಬಂದು, ಅಂಗಡಿಯಿಂದ ತಂದಿಟ್ಟ ಪಂಚೆ ಶಾಲು ಉಟ್ಟು, ಕೂರಿಸಿದಲ್ಲಿ ಕೂತು ಏಳುವುದು ಈಗ ರೂಢಿಯಾಗಿಬಿಟ್ಟಿದೆ. ಅರುವತ್ತು ದಾಟಿದ ತಂದೆತಾಯಿ ಬಿಸಿಲಿನಲ್ಲಿ ಬಸ್ಸು ಹತ್ತಿ ಇಳಿದು ಎಲ್ಲವನ್ನೂ ಹೊಂದಿಸಿರುತ್ತಾರೆ. ಹಾಗೆ ಆಗಬಾರದೆಂದು ಒಂದು ವ್ಯಾಪಾರದ ಸಂಸ್ಥೆ ಪಟ್ಟುಹಿಡಿಯುವುದು ಸಾಮಾನ್ಯ ಸಂಗತಿಯಲ್ಲ.

ಆ ಮಾತುಕತೆಯಲ್ಲಿ ಅವರು ದರಪಟ್ಟಿಯನ್ನು ಮೊದಲು ತೆಗೆಯಲಿಲ್ಲ. ಗೆರೆ ಹಾಕಿದ ಉದ್ದನೆಯ ಲೆಕ್ಕದ ಪುಸ್ತಕವನ್ನು ಬಿಡಿಸಿ ನನ್ನನ್ನೇ ಕೇಳತೊಡಗಿದರು. ಪುರೋಹಿತರು ಯಾರು, ಅವರ ಸಾಮಾನು ಪಟ್ಟಿ ಯಾವಾಗ ಸಿಗುತ್ತದೆ? ನೆಲದಲ್ಲಿ ಕೂರಲು ಆಗದ ಹಿರಿಯರು ಎರಡೂ ಕಡೆಯಿಂದ ಎಷ್ಟು ಜನ ಇರಬಹುದು? ಸಕ್ಕರೆ ಕಾಯಿಲೆಯಿದ್ದು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಾದವರು ಯಾರು? ಕರಿಮಣಿ, ಧಾರೆ ಸೀರೆ, ಕಾಲುಂಗುರ ಇವು ಬೆಳಗ್ಗಿನಿಂದ ಯಾರ ಕೈಯಲ್ಲಿರುತ್ತವೆ? ಜನ ಹೆಚ್ಚಾದರೆ "ಇನ್ನು ಇಷ್ಟು ಎಲೆಗೆ ಅನ್ನ ಇಡಿ" ಎಂದು ಅಡಿಗೆಯವರಿಗೆ ಹೇಳುವ ಅಧಿಕಾರ ಯಾರಿಗೆ? ಈ ಕೊನೆಯ ಪ್ರಶ್ನೆಗೆ ತಂದೆಯವರೂ ನಾನೂ ಮುಖ ಮುಖ ನೋಡಿಕೊಂಡೆವು, ಏಕೆಂದರೆ ನಾವು ಅದನ್ನು ಯೋಚಿಸಿರಲೇ ಇಲ್ಲ. ಹಲವು ಮದುವೆಗಳಲ್ಲಿ ನಾಲ್ಕು ಜನ ನಾಲ್ಕು ಲೆಕ್ಕ ಹೇಳಿ, ಕೊನೆಗೆ ಪಾತ್ರೆಗಟ್ಟಲೆ ಅನ್ನ ಮಿಗುವುದಕ್ಕೂ ಬಿಲ್ಲಿನ ಹೊತ್ತಿಗೆ ಮನಸ್ತಾಪವಾಗುವುದಕ್ಕೂ ಇದೇ ಕಾರಣ ಎಂದು ಅವರು ಹೇಳಿದರು. ಆ ಅಧಿಕಾರವನ್ನು ನನ್ನ ಸೋದರಮಾವನೊಬ್ಬನಿಗೇ ಕೊಟ್ಟೆವು. ಪುಸ್ತಕದಲ್ಲಿ ಅವನ ಫೋನ್ ನಂಬರು ಬರೆಸಿದೆವು. ಮದುವೆಯ ದಿನ ಅಡಿಗೆಯವರು ಬೇರೆ ಯಾರ ಮಾತನ್ನೂ ಕೇಳಲಿಲ್ಲ.

ಇನ್ನು ಖರ್ಚಿನ ವಿಚಾರ. ನಮ್ಮ ಹವ್ಯಕ ಮನೆಗಳಲ್ಲಿ ಮದುವೆ ನಡೆಸಿಕೊಡುವುದು ಹೆಣ್ಣಿನ ಕಡೆಯವರ ಪಾಲಿಗೆ ಬರುವುದು ಹಳೆಯ ಪದ್ಧತಿ. ಗಂಡಿನ ಕಡೆಯವರು ದಿಬ್ಬಣ ಕಟ್ಟಿಕೊಂಡು ಹೋಗಿ ಸತ್ಕಾರ ಪಡೆದು ಬರುತ್ತಾರೆ, ತಮ್ಮ ಮನೆಯಲ್ಲಿ ಆಮೇಲೆ ಸಟ್ಟುಮುಡಿಯ ಊಟ ಹಾಕಿಸುತ್ತಾರೆ. ಹುಡುಗಿಯ ಮನೆ ವಿಟ್ಲದ ಕಡೆ, ನಮ್ಮದು ನೀರ್ಚಾಲಿನ ಹತ್ತಿರ; ಎರಡೂ ಮನೆಗೆ ಅನುಕೂಲವಾದ ಈ ಜಾಗವನ್ನು ಆರಿಸಿ, ಬಂದ ಖರ್ಚನ್ನು ಸಮ ಪಾಲು ಮಾಡಿಕೊಳ್ಳೋಣ ಎಂದು ಬದ್ಧದ (ನಿಶ್ಚಿತಾರ್ಥದ) ದಿನವೇ ನಾನು ಹುಡುಗಿಯ ತಂದೆಯವರಲ್ಲಿ ಹೇಳಿದೆ. ಈ ಮಾತನ್ನು ತಂದೆಯಿಂದಲೋ ಮಧ್ಯಸ್ಥರಿಂದಲೋ ಹೇಳಿಸುವುದಕ್ಕಿಂತ ಮದುಮಗನೇ ಹೇಳಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹೆಣ್ಣಿನ ತಂದೆ ಸಂಕೋಚದಿಂದ "ಅದೆಲ್ಲ ಬೇಡ" ಎಂದೇ ಹೇಳುತ್ತಾರೆ, ಹಿರಿಯರು ಅಲ್ಲಿಗೆ ಬಿಟ್ಟುಬಿಡುತ್ತಾರೆ. ಮದುಮಗ ಮತ್ತೊಮ್ಮೆ ಹೇಳಿದರೆ ಮಾತ್ರ ಅದು ಉಪಚಾರದ ಮಾತಲ್ಲ ಎಂದು ಅವರಿಗೆ ನಂಬಿಕೆ ಬರುತ್ತದೆ. ಸಭಾಭವನದವರು ಇದಕ್ಕೆ ಹೊಂದಿಕೊಂಡ ರೀತಿ ಚೆನ್ನಾಗಿತ್ತು. ಎರಡು ಮನೆಯ ಹೆಸರಿನಲ್ಲಿ ಎರಡು ರಶೀದಿ ಮಾಡಿ, ಮುಂಗಡವನ್ನೂ ಬಾಕಿಯನ್ನೂ ಬೇರೆ ಬೇರೆಯಾಗಿ ತೋರಿಸಿದರು.

ಇದರ ಜತೆಗೇ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ ಎಂದು 1961ರ ವರದಕ್ಷಿಣೆ ನಿಷೇಧ ಕಾಯಿದೆ ಹೇಳುವುದು ಎಲ್ಲರಿಗೂ ಗೊತ್ತು. ಆದರೆ ಆ ಕಾಯಿದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ಮದುವೆಯಲ್ಲಿ ತನಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಮದುಮಗನೂ ತನಗೆ ಬಂದವುಗಳ ಪಟ್ಟಿಯನ್ನು ಮದುಮಗಳೂ ಬರೆದಿಟ್ಟುಕೊಳ್ಳಬೇಕು. ಪ್ರತಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಸಂಬಂಧಿಕರಾದರೆ ಆ ಸಂಬಂಧ ಇವುಗಳನ್ನು ನಮೂದಿಸಿ ಇಬ್ಬರೂ ಸಹಿ ಮಾಡಬೇಕು. ಇದನ್ನು ಮಾಡುವವರು ತೀರ ವಿರಳ. ಸಭಾಭವನದವರು ಉಡುಗೊರೆ ಬರೆಯುವ ಮೇಜಿನಲ್ಲಿ ಒಬ್ಬರನ್ನು ಕೂರಿಸಲು ಒಪ್ಪಿದರೂ ಅವರ ಪುಸ್ತಕದಲ್ಲಿ ಇದ್ದದ್ದು ಹೆಸರು ಮತ್ತು ಮೊತ್ತದ ಕಾಲಂ ಮಾತ್ರ. ನಾವು ನಮ್ಮದೇ ಪುಸ್ತಕ ಕೊಂಡೊಯ್ದೆವು. ಮೇಜಿನಲ್ಲಿ ನನ್ನ ತಂಗಿಯೂ ಮದುಮಗಳ ತಮ್ಮನೂ ಕೂತು ಬರೆದರು, ರಾತ್ರಿ ನಾವಿಬ್ಬರೂ ಓದಿ ಸಹಿ ಹಾಕಿದೆವು.

ಹೇಳಿಕೆಯ, ಅಂದರೆ ಮದುವೆಗೆ ಕರೆಯುವ, ಕೆಲಸವನ್ನು ಈ ಸಂಸ್ಥೆ ತಾನಾಗಿ ವಹಿಸಿಕೊಳ್ಳಲು ಬಂದಿತು. ಹೆಚ್ಚುವರಿ ದರಕ್ಕೆ ವಾಟ್ಸಾಪಿನಲ್ಲಿ ಕಳಿಸುವ ಆಮಂತ್ರಣ, ಬರುತ್ತೀರೋ ಇಲ್ಲವೋ ಎಂದು ಒತ್ತಿ ತಿಳಿಸುವ ವ್ಯವಸ್ಥೆ, ಊಟದ ಲೆಕ್ಕಕ್ಕೆ ಅದರಿಂದ ನೆರವು. ಬೆಂಗಳೂರಿನ ಸಹೋದ್ಯೋಗಿಗಳಿಗೆ ನಾನು ಇದನ್ನೇ ಬಳಸಿದೆ, ಅನುಕೂಲವೂ ಆಯಿತು. ಊರಿನ ಮಟ್ಟಿಗೆ ಇದು ನಡೆಯುವುದಿಲ್ಲ. ಮಧೂರಿನ ಗಣಪತಿಯ ನಡೆಯಲ್ಲಿ ಮೊದಲ ಪತ್ರಿಕೆ ಇಟ್ಟು, ಅಪ್ಪದ ಪ್ರಸಾದ ತೆಗೆದುಕೊಂಡು, ಅಲ್ಲಿಂದ ಮನೆ ಮನೆಗೆ ಹೊರಟರೆ ಮಾತ್ರ ನಮ್ಮಲ್ಲಿ ಹೇಳಿಕೆ ಎನ್ನಿಸುತ್ತದೆ. ಜಗಲಿಯಲ್ಲಿ ಕೂತು, ಆಸರಿಗೆ (ಬಂದವರಿಗೆ ಕೊಡುವ ಪಾನೀಯ) ಕುಡಿದು, ಪತ್ರಿಕೆಯನ್ನು ಅಡಿಕೆ ವೀಳ್ಯದೆಲೆಯ ಜತೆ ಹಿರಿಯರ ಕೈಗೆ ಕೊಟ್ಟು ನಮಸ್ಕರಿಸುವಾಗ ತಿಳಿಯುವ ಸಂಗತಿಗಳು ಯಾವ ಆಮಂತ್ರಣದ ತಂತ್ರಾಂಶದಲ್ಲೂ ಸಿಗಲಾರವು. ಒಂದು ಮನೆಯಲ್ಲಿ ದೊಡ್ಡಮ್ಮ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರೆ ಎಂದರು. ಸಭಾಭವನದ ಹಿಂಬದಿಯಲ್ಲಿ ಅಡಿಗೆಮನೆಯ ಪಕ್ಕದಿಂದ ಮೆಟ್ಟಿಲಿಲ್ಲದ ದಾರಿಯಿದೆ ಎಂದು ಮ್ಯಾನೇಜರರು ಮೊದಲೇ ತೋರಿಸಿದ್ದರಿಂದ ಅವರನ್ನು ಕಾರಿನಲ್ಲಿ ಅಲ್ಲಿಗೇ ಕರೆತರಲು ಸಾಧ್ಯವಾಯಿತು. ಇನ್ನೊಂದು ಮನೆಯವರಿಗೂ ನಮ್ಮ ಮನೆಯವರಿಗೂ ತೋಟದ ನೀರಿನ ವಿಷಯದಲ್ಲಿ ಬಹಳ ಕಾಲದಿಂದ ಮಾತಿರಲಿಲ್ಲ. ನಾನೇ ಹೋಗಿ ಕರೆದೆ. ಅವರು ಬಂದರು, ಮೊದಲನೆಯ ಹಂತಿಯಲ್ಲಿಯೇ (ಊಟದ ಪಂಕ್ತಿಯಲ್ಲಿ) ತಂದೆಯವರ ಎದುರಿಗೆ ಕೂತು ಉಂಡರು. ಹೇಳಿಕೆಗೆ ಮದುಮಗ ಸ್ವತಃ ಹೋಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಗಡಿಯ ಊರಿನವರಿಗೆ ಮಾತ್ರ ಅರ್ಥವಾಗುವ ಒಂದು ತೊಡಕು ಬಸ್ಸಿನದ್ದು. ವಿಟ್ಲದಿಂದ ಬರುವ ಬಸ್ಸು ಸಾರಡ್ಕದಲ್ಲಿ ರಾಜ್ಯದ ಗಡಿ ದಾಟಬೇಕು. ಕರ್ನಾಟಕದಲ್ಲಿ ನೋಂದಣಿಯಾದ ಬಾಡಿಗೆ ಬಸ್ಸಿಗೆ ಕೇರಳದೊಳಗೆ ಬರಲು ತಕ್ಕ ಪರವಾನಗಿಯೂ ತೆರಿಗೆಯೂ ಬೇಕು. ಅದನ್ನು ಬಸ್ಸಿನವರು ಮಾಡಿಸಿದ್ದಾರೆಯೇ ಎಂದು ಮುಂಚೆಯೇ ಕಾಗದ ಕೇಳಿ ನೋಡದಿದ್ದರೆ ಮದುಮಗಳ ಕಡೆಯವರು ಮುಹೂರ್ತದ ಹೊತ್ತಿಗೆ ರಸ್ತೆಯಲ್ಲಿ ನಿಲ್ಲಬೇಕಾದೀತು. ಸಭಾಭವನದವರು ಇದನ್ನು ತಾವಾಗಿ ಎಚ್ಚರಿಸಿದರು ಎಂಬುದು ಅವರ ಅನುಭವಕ್ಕೆ ಸಾಕ್ಷಿ.

ಪುರೋಹಿತರ ವಿಚಾರಕ್ಕೆ ಬರುತ್ತೇನೆ. ಸಾಮಾನು ಪಟ್ಟಿಯನ್ನು ಸಭಾಭವನಕ್ಕೆ ಕೊಟ್ಟರೆ ದರ್ಭೆಯಿಂದ ಹಿಡಿದು ಅರಳಿನವರೆಗೆ ಅವರೇ ತಂದಿಡುತ್ತಾರೆ. ಸಮಿತ್ತು ಒಣಗಿತ್ತು, ತುಪ್ಪ ಒಳ್ಳೆಯದಿತ್ತು, ಯಾವುದಕ್ಕೂ ಕೊರತೆಯಾಗಲಿಲ್ಲ. ಆದರೆ ಮಂತ್ರ ಹೇಳಬೇಕಾದವನು ಮದುಮಗ. ಪುರೋಹಿತರು ಹೇಳಿಕೊಟ್ಟದ್ದನ್ನು ಅರ್ಧ ನುಂಗಿ ಅರ್ಧ ಗೊಣಗುವ ಮದುಮಗಂದಿರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಹಾಗಾಗಿ ಬಿಡುವಿದ್ದಾಗಲೆಲ್ಲ ಪುರೋಹಿತರಿಗೆ ಫೋನ್ ಮಾಡಿ ಒಂದೊಂದು ಭಾಗದ ಉಚ್ಚಾರವನ್ನೂ ಅಭಿಪ್ರಾಯವನ್ನೂ ಕೇಳಿ ಬರೆದುಕೊಂಡೆ. ಧರ್ಮ, ಅರ್ಥ, ಕಾಮಗಳಲ್ಲಿ ಇವಳನ್ನು ಮೀರಿ ನಡೆಯಬೇಡ ಎಂದು ಹೆಣ್ಣಿನ ತಂದೆ ಕೇಳಿದಾಗ "ನಾತಿಚರಾಮಿ" ಎಂದು ಮದುಮಗ ಉತ್ತರ ಕೊಡಬೇಕು. ಆ ಉತ್ತರ ಕನಿಷ್ಠ ಕೇಳಿದವರ ಕಿವಿಗಾದರೂ ಮುಟ್ಟಬೇಕಲ್ಲವೇ? ಧಾರೆಯ ಹೊತ್ತಿಗೆ ವಾದ್ಯವನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಏರಿಸಬೇಕು ಎಂದು ಪುರೋಹಿತರೂ ವಾದ್ಯದವರೂ ಮೊದಲೇ ಕೂತು ಮಾತಾಡುವಂತೆ ಸಭಾಭವನದವರು ಏರ್ಪಾಟು ಮಾಡಿದ್ದು ಇಲ್ಲಿ ಬಹಳ ಉಪಕಾರಕ್ಕೆ ಬಂತು.

ಮದುವೆಯ ದಿನದ ವ್ಯವಸ್ಥೆಯಲ್ಲಿ ಎರಡು ದೋಷಗಳನ್ನು ಮುಚ್ಚಿಡದೆ ಹೇಳಬೇಕು. ಒಂದನೆಯದು ಹೊಗೆ. ಸಭಾಂಗಣಕ್ಕೆ ಎಸಿ ಹಾಕಿಸಿದಾಗ ಕಿಟಕಿಗಳನ್ನೆಲ್ಲ ಗಾಜಿನಿಂದ ಮುಚ್ಚಿಸಿದ್ದಾರೆ, ಮಂಟಪದ ಮೇಲೆ ಹೊಗೆ ಎಳೆಯುವ ಫ್ಯಾನು ಹಾಕಿಸಿಲ್ಲ. ಲಾಜಹೋಮದಲ್ಲಿ ಮದುಮಗಳ ತಮ್ಮ ಅಂಜಲಿಗೆ ಅರಳು ಹಾಕುವ ಹೊತ್ತಿಗೆ ಅವನಿಗೆ ನಮ್ಮ ಮುಖ ಕಾಣದಷ್ಟು ಹೊಗೆ ತುಂಬಿತ್ತು. ಮುಂದಿನ ಸಾಲಿನಲ್ಲಿದ್ದ ಉಬ್ಬಸದ ಕಾಯಿಲೆಯ ಅಜ್ಜನೊಬ್ಬರನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಕೊನೆಗೆ ಎಸಿ ನಿಲ್ಲಿಸಿ ಬಾಗಿಲುಗಳನ್ನು ತೆರೆದಿಟ್ಟರು. ಹೋಮವಿರುವ ಮದುವೆಗಳನ್ನೇ ನಡೆಸುವ ಜಾಗದಲ್ಲಿ ಇದನ್ನು ಕಟ್ಟಡದ ನಕ್ಷೆಯಲ್ಲಿಯೇ ಯೋಚಿಸಬೇಕಿತ್ತು. ಸಭಾಂಗಣ ನೋಡಲು ಹೋಗುವ ಮದುಮಗ ಮಂಟಪದ ಮೇಲ್ಭಾಗವನ್ನು ತಲೆಯೆತ್ತಿ ನೋಡಿ, ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೇಳಲೇಬೇಕು.

ಎರಡನೆಯದು ಮದುಮಗಳ ಕೋಣೆ. ಮದುಮಗನಿಗೆ ಕೊಟ್ಟ ಕೋಣೆ ದೊಡ್ಡದು, ಗಾಳಿ ಬೆಳಕು ಇರುವಂಥದ್ದು. ಮದುಮಗಳಿಗೆ ಕೊಟ್ಟದ್ದು ಅದರ ಅರ್ಧದಷ್ಟೂ ಇಲ್ಲ. ಸೀರೆ ಉಡಿಸುವವರು, ಜಡೆ ಹೆಣೆಯುವವರು, ಅತ್ತೆ ಚಿಕ್ಕಮ್ಮಂದಿರು ಎಲ್ಲರೂ ಅದರೊಳಗೇ ಇರಬೇಕು, ಬಚ್ಚಲಿನ ಬಾಗಿಲಿನ ಚಿಲಕವೂ ಸರಿಯಿರಲಿಲ್ಲ. ಹಿಂದಿನ ದಿನ ಸಂಜೆ ಹೋಗಿ ನೋಡಿದ್ದರಿಂದ ನಾವು ಕೋಣೆಗಳನ್ನು ಅದಲು ಬದಲು ಮಾಡಿಸಿದೆವು. ಮ್ಯಾನೇಜರರು ಸ್ವಲ್ಪ ಆಶ್ಚರ್ಯಪಟ್ಟರೂ ಒಪ್ಪಿದರು. ಬೆಳಗ್ಗಿನಿಂದ ಉಪವಾಸವಿದ್ದು, ಭಾರದ ಸೀರೆಯಲ್ಲಿ ಹೊಗೆಯ ಮುಂದೆ ಗಂಟೆಗಟ್ಟಲೆ ಕೂರುವವಳು ಅವಳು. ಅವಳಿಗೆ ಒಳ್ಳೆಯ ಕೋಣೆ, ನಡುವೆ ಒಂದು ಲೋಟ ಎಳನೀರು, ಕೂರಲು ಹತ್ತು ನಿಮಿಷದ ಬಿಡುವು ಇವನ್ನು ನೋಡಿಕೊಳ್ಳುವ ಕೆಲಸ ಮೊದಲು ಮದುಮಗನದ್ದು, ಆಮೇಲೆ ಉಳಿದವರದ್ದು.

ಫೋಟೋ ಮತ್ತು ವಿಡಿಯೋ ತಂಡ ಸಭಾಭವನದ ಕರಾರಿನಲ್ಲಿ ಸೇರಿರಲಿಲ್ಲ, ಹೊರಗಿನಿಂದ ಗೊತ್ತುಮಾಡಿದ್ದೆವು. ಅವರ ಕೆಲಸದ ಬಗ್ಗೆ ದೂರಿಲ್ಲ. ದೂರಿಲ್ಲದಿರಲು ಕಾರಣ ಮೊದಲೇ ಬರೆದುಕೊಟ್ಟ ಒಂದು ಸಾಲು. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಈ ಮೂರು ಹೊತ್ತಿನಲ್ಲಿ ಯಾವುದನ್ನೂ ನಿಲ್ಲಿಸಿ "ಇನ್ನೊಮ್ಮೆ" ಎನ್ನಬಾರದು, ಮಂಟಪದ ಮೇಲೆ ಹತ್ತಬಾರದು, ಕೂತವರಿಗೆ ಅಡ್ಡ ನಿಲ್ಲಬಾರದು. ಇದನ್ನು ನಾನು ಹಟದಿಂದ ಮಾಡಿದ್ದಲ್ಲ. ಸಪ್ತಪದಿಯಿರುವ ಮದುವೆಯಲ್ಲಿ ಏಳನೆಯ ಹೆಜ್ಜೆಯಿಟ್ಟಾಗ ವಿವಾಹ ಪೂರ್ಣವಾಗುತ್ತದೆ ಎಂದು 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಸೆಕ್ಷನ್ನಿನಲ್ಲಿಯೇ ಇದೆ. ವಿಧಿಗಳು ನಡೆಯದೆ ಕೇವಲ ಪ್ರಮಾಣಪತ್ರ ಮಾಡಿಸಿಕೊಂಡರೆ ಅದು ಹಿಂದೂ ವಿವಾಹವಾಗುವುದಿಲ್ಲ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 2024ರ ಏಪ್ರಿಲ್‌ನಲ್ಲಿ ಹೇಳಿತ್ತು. ಧರ್ಮದ ಕಡೆಯಿಂದ ನೋಡಿದರೂ ಕಾನೂನಿನ ಕಡೆಯಿಂದ ನೋಡಿದರೂ ಅಷ್ಟು ತೂಕವಿರುವ ಏಳು ಹೆಜ್ಜೆಗಳನ್ನು ಕ್ಯಾಮರಾದವರ ಅಪ್ಪಣೆಯಂತೆ ಇಡುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಚಿತ್ರಗಳೂ ಚೆನ್ನಾಗಿಯೇ ಬಂದಿವೆ.

ಊಟದ ಬಗ್ಗೆ ಎಷ್ಟು ಬರೆದರೂ ಸಾಲದು. ಅಡಿಗೆ ಈ ಸಭಾಭವನದ ನಿಜವಾದ ಬಲ. ಬೇಸಗೆಯಾದ್ದರಿಂದ ಎಳೆ ಹಲಸಿನಕಾಯಿಯ ಪಲ್ಯ, ಸೌತೆಕಾಯಿ ಸಾಂಬಾರು, ಅವಿಲು, ಮೇಲಾರ, ಚಿತ್ರಾನ್ನ, ಮಾವಿನಹಣ್ಣಿನ ರಸಾಯನ, ಕಾಯಿಹಾಲಿನ ಜತೆ ಹೋಳಿಗೆ. ಬೆಳ್ತಿಗೆ ಅನ್ನ ಒಂದೊಂದು ಅಗುಳೂ ಬಿಡಿಯಾಗಿತ್ತು. ಮೇಲಾರಕ್ಕೆ ತೆಂಗಿನಕಾಯಿಯನ್ನು ನುಣ್ಣಗೆ ಅರೆದು ಹುಳಿ ಮಜ್ಜಿಗೆಯನ್ನು ಕೊನೆಗೆ ಸೇರಿಸಿ, ಕುದಿ ಬರುವ ಮುಂಚೆ ಇಳಿಸಿದ್ದರು, ಹಾಗಾಗಿ ಕೊನೆಯ ಹಂತಿಯವರೆಗೂ ಒಡೆಯಲಿಲ್ಲ. ಹೋಳಿಗೆಯ ವಿಷಯದಲ್ಲಿ ಮಾತ್ರ ಮೊದಲ ಹಂತಿಗೂ ಮೂರನೆಯ ಹಂತಿಗೂ ವ್ಯತ್ಯಾಸ ಕಂಡಿತು. ಬೆಳಗ್ಗೆಯೇ ಬೇಯಿಸಿ ಒಂದರ ಮೇಲೊಂದು ಇಟ್ಟಿದ್ದರಿಂದ ಕೆಳಗಿನವು ಬೆವತು ಅಂಟಿಕೊಂಡಿದ್ದವು.

ಬಡಿಸುವ ವಿಚಾರದಲ್ಲಿ ನಾವು ಕರಾರನ್ನು ಸ್ವಲ್ಪ ತಿದ್ದಿಸಿದ್ದೆವು. ಹಿಂದೆ ಚಪ್ಪರದ ಮದುವೆಗಳಲ್ಲಿ ನೆರೆಕರೆಯವರು ಹಿಂದಿನ ರಾತ್ರಿಯೇ ಬಂದು ತರಕಾರಿ ಹೆಚ್ಚಿ, ಮರುದಿನ ಸುದರಿಕೆಗೆ (ಬಡಿಸುವ, ಉಪಚರಿಸುವ ಕೆಲಸಕ್ಕೆ) ನಿಲ್ಲುತ್ತಿದ್ದರು. ಯಾರ ಎಲೆಯಲ್ಲಿ ಏನು ಮುಗಿದಿದೆ ಎಂದು ಅವರಿಗೆ ಕಣ್ಣಿನಲ್ಲೇ ತಿಳಿಯುತ್ತಿತ್ತು. ಕೂಲಿಗೆ ಬಂದ ಬಡಿಸುವವರು ಎಷ್ಟೇ ಚುರುಕಾಗಿದ್ದರೂ "ಇನ್ನೊಂದು ಹಾಕಲಾ ಅತ್ತೇ, ಒಂದೇ ಒಂದು" ಎಂದು ಒತ್ತಾಯಿಸುವುದು ಅವರ ಕೆಲಸವಲ್ಲ. ಅನ್ನ, ಸಾರು, ಸಾಂಬಾರು ಅವರು ಬಡಿಸಲಿ, ಹೋಳಿಗೆ ಪಾಯಸ ತುಪ್ಪಗಳನ್ನು ಮನೆಯವರೇ ಬಡಿಸುತ್ತೇವೆ ಎಂದು ಕೇಳಿದಾಗ ಮೇಲ್ವಿಚಾರಕರು ಮೊದಲು ಹಿಂಜರಿದರು, ಹೊತ್ತು ಮೀರುತ್ತದೆ ಎಂಬ ಭಯ ಅವರದ್ದು. ಮೊದಲ ಹಂತಿ ಮುಗಿದ ಮೇಲೆ ಅವರೇ ಬಂದು, ಇದು ಹೀಗೆಯೇ ಮುಂದುವರಿಯಲಿ ಎಂದರು. ಎರಡೂ ಕಡೆಯ ತರುಣರು ಬಕೆಟ್ಟು ಹಿಡಿದು ಒಟ್ಟಿಗೆ ಓಡಾಡಿದ್ದರಿಂದ, ಅಲ್ಲಿಯವರೆಗೆ ಬೇರೆ ಬೇರೆ ಗುಂಪಾಗಿ ನಿಂತಿದ್ದ ಎರಡು ನೆಂಟಸ್ತನಗಳು ಆ ಹೊತ್ತಿನಲ್ಲಿ ಬೆರೆತುಹೋದವು. ಹಂತಿಯ ನಡುವೆ ಹಿರಿಯರೊಬ್ಬರು ಚೂರ್ಣಿಕೆ (ಊಟದ ಹೊತ್ತಿಗೆ ಹೇಳುವ ದೇವರ ಸ್ತುತಿ) ಎತ್ತಿದಾಗ ಇಡೀ ಸಾಲು "ಹರ ಹರ ಮಹಾದೇವ" ಎಂದು ದನಿಗೂಡಿಸಿತು. ಮದುಮಗ ಮದುಮಗಳು ಹಂತಿಯ ಉದ್ದಕ್ಕೂ ನಡೆದು, ಪ್ರತಿಯೊಬ್ಬರ ಎದುರಿಗೆ ಒಂದು ಕ್ಷಣ ನಿಂತು, "ನಿಧಾನಕ್ಕೆ ಊಟ ಮಾಡಿ" ಎನ್ನುವುದು ನಮ್ಮ ಕಡೆಯ ಮರ್ಯಾದೆ. ವೇದಿಕೆಯ ಮೇಲೆ ಸಾಲಿನಲ್ಲಿ ಬರುವವರ ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುವುದು ಇದಕ್ಕೆ ಸಾಟಿಯಾಗಲಾರದು.

ಕೊನೆಯ ಹಂತಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಸ್ಸು ಜೀಪುಗಳ ಚಾಲಕರು, ವಾದ್ಯದವರು, ಫೋಟೋದವರು, ಪಾತ್ರೆ ತೊಳೆಯುವ ಹೆಂಗಸರು ಕೂರುವುದು ಅದರಲ್ಲಿ. ಸಾಮಾನ್ಯವಾಗಿ ಆ ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ, ಬಡಿಸುವವರು ಸುಸ್ತಾಗಿರುತ್ತಾರೆ, ಮನೆಯವರು ಒಳಗೆ ಹೋಗಿರುತ್ತಾರೆ. ಕೊನೆಯ ಹಂತಿಗೆಂದು ಹೋಳಿಗೆಯನ್ನು ಬೇರೆ ತೆಗೆದಿಡಬೇಕೆಂದು ನಾನು ಮೊದಲ ಮಾತುಕತೆಯಲ್ಲೇ ಬರೆಸಿದ್ದೆ. ಅವರು ಅಕ್ಷರಶಃ ಪಾಲಿಸಿದರು. ಆ ಹಂತಿಗೆ ನಾನೇ ತುಪ್ಪ ಬಡಿಸಿದೆ. ಅಡಿಗೆಯ ಮುಖ್ಯಸ್ಥರಿಗೆ ಸಲ್ಲಬೇಕಾದದ್ದನ್ನು ಕಚೇರಿಯ ಮೇಜಿನಲ್ಲಿ ಎಣಿಸಿ ಕೊಡುವುದಕ್ಕಿಂತ, ಒಲೆಯ ಬಳಿಗೆ ಹೋಗಿ ತಾಂಬೂಲದ ಜತೆ ಕೈಗೆ ಕೊಡುವುದು ಸರಿಯೆಂದು ತಂದೆಯವರು ಹೇಳಿದ್ದರು, ಹಾಗೆಯೇ ಮಾಡಿದೆವು.

ಕಸದ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಬಾಳೆಲೆ, ಸ್ಟೀಲಿನ ಲೋಟ, ನೀರಿಗೆ ದೊಡ್ಡ ಹಂಡೆಗಳು. ಪ್ಲಾಸ್ಟಿಕ್ ಬಾಟಲಿ ಕಾಣಿಸಲಿಲ್ಲ. ಕೇರಳದಲ್ಲಿ 2020ರ ಜನವರಿಯಿಂದಲೇ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಗ್ರಿಗಳಿಗೆ ನಿಷೇಧವಿರುವುದರಿಂದ ಸಭಾಭವನಗಳು ಈಗ ಇದಕ್ಕೆ ಹೊಂದಿಕೊಂಡಿವೆ. ಆದರೆ ಮನೆಯಂಗಳದಲ್ಲಿ ಸಟ್ಟುಮುಡಿ ಇಟ್ಟುಕೊಳ್ಳುವವರು ನೆನಪಿಡಬೇಕಾದ ಮಾತೊಂದಿದೆ: ಪರವಾನಗಿಯಿರುವ ಸಭಾಭವನವಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಿದ್ದರೆ, ಘನತ್ಯಾಜ್ಯ ನಿಯಮಗಳ ಪ್ರಕಾರ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯಾಡಳಿತಕ್ಕೆ ತಿಳಿಸಬೇಕು. ನಾವು ಪಂಚಾಯತಿಗೆ ಅರ್ಜಿ ಕೊಟ್ಟು, ಎಲೆ ಅನ್ನಗಳನ್ನು ತೋಟದ ಗೊಬ್ಬರದ ಗುಂಡಿಗೆ ಹಾಕಿ, ಉಳಿದದ್ದನ್ನು ಮನೆ ಮನೆಯಿಂದ ಕಸ ಸಂಗ್ರಹಿಸುವ ಹರಿತಕರ್ಮ ಸೇನೆಯವರಿಗೆ ಒಪ್ಪಿಸಿದೆವು.

ವಿವಾಹ ನೋಂದಣಿಯ ವಿಚಾರದಲ್ಲಿ ಈ ಸಂಸ್ಥೆಯ ಮಾತನ್ನು ಪೂರ್ತಿ ನಂಬಬಾರದು. "ಅದನ್ನೂ ನಾವೇ ಮಾಡಿಸಿಕೊಡುತ್ತೇವೆ" ಎಂದವರು ಕೊನೆಗೆ ಕೊಟ್ಟದ್ದು ಸಭಾಭವನದ ರಶೀದಿಯೊಂದನ್ನು. ಕೇರಳದಲ್ಲಿ 2008ರ ವಿವಾಹ ನೋಂದಣಿ ನಿಯಮಗಳ ಪ್ರಕಾರ ಜಾತಿ ಮತದ ಭೇದವಿಲ್ಲದೆ ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕು, ಅದಕ್ಕೆ 45 ದಿನಗಳ ಅವಧಿಯಿದೆ. ಮದುಮಗನ ಊರು ಯಾವುದೇ ಇರಲಿ, ಮದುವೆ ನಡೆದ ಜಾಗ ಯಾವ ಪಂಚಾಯತಿಗೆ ಸೇರುತ್ತದೆಯೋ ಅಲ್ಲಿ ನೋಂದಣಿ. ನಮ್ಮ ಮಟ್ಟಿಗೆ ಅದು ಬದಿಯಡ್ಕ ಪಂಚಾಯತು. ದೇವಸ್ಥಾನದಲ್ಲಿ ಮದುವೆಯಾದರೆ ಅಲ್ಲಿನ ಪತ್ರ ಸಿಗುತ್ತದೆ. ಸಭಾಭವನದಲ್ಲಿ ಆದವರು ಗೆಜೆಟೆಡ್ ಅಧಿಕಾರಿ, ಶಾಸಕ, ಸಂಸದ ಅಥವಾ ಸ್ಥಳೀಯಾಡಳಿತದ ಸದಸ್ಯರಿಂದ ನಿಗದಿತ ನಮೂನೆಯಲ್ಲಿ ಘೋಷಣೆ ಮಾಡಿಸಬೇಕಾಗುತ್ತದೆ. ಆದ್ದರಿಂದ ವಾರ್ಡಿನ ಸದಸ್ಯರನ್ನು ಮದುವೆಗೆ ಕರೆಯುವುದು ಒಳ್ಳೆಯದು; ಕಣ್ಣಾರೆ ನೋಡಿದವರು ಸಹಿ ಹಾಕಲು ಹಿಂಜರಿಯುವುದಿಲ್ಲ. ಇಬ್ಬರು ಸಾಕ್ಷಿಗಳು, ಇಬ್ಬರ ವಯಸ್ಸಿನ ದಾಖಲೆ, ಫೋಟೋ ಇವನ್ನು ಮದುವೆಗೆ ಮೊದಲೇ ಒಂದು ಫೈಲಿನಲ್ಲಿ ಹಾಕಿಟ್ಟರೆ ಆಮೇಲೆ ಓಡಾಟ ಕಡಿಮೆ. 2025ರ ಏಪ್ರಿಲ್‌ನಿಂದ ಪಂಚಾಯತುಗಳಲ್ಲಿಯೂ ಕೆ-ಸ್ಮಾರ್ಟ್ ಎಂಬ ಸ್ಥಳೀಯಾಡಳಿತ ಸೇವೆಗಳ ಗಣಕ ವ್ಯವಸ್ಥೆ ಬಂದಿರುವುದರಿಂದ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬಹುದು, ರಜೆ ಮುಗಿಸಿ ಬೆಂಗಳೂರಿಗೆ ಮರಳಿದವರಿಗೆ ವಿಡಿಯೋ ಮೂಲಕ ಗುರುತು ದೃಢಪಡಿಸುವ ಅವಕಾಶವೂ ಇದೆ. ಹೆಂಡತಿಯ ಪಾಸ್‌ಪೋರ್ಟಿಗೂ ಬ್ಯಾಂಕಿನ ಕೆಲಸಕ್ಕೂ ಬೇಕಾಗಬಹುದಾದ ಈ ಕಾಗದವನ್ನು ಮಾಡಿಸಿಕೊಡುವ ಹೊಣೆಯನ್ನು ಮದುಮಗ ಯಾರಿಗೂ ವಹಿಸಬಾರದು.

ಬಿಲ್ಲು ಕರಾರಿನಂತೆಯೇ ಬಂತು, ಒಂದು ಅಂಶವನ್ನು ಬಿಟ್ಟು. ಒಪ್ಪಿದ ಸಂಖ್ಯೆಗಿಂತ ಹೆಚ್ಚಾದ ಎಲೆಗಳಿಗೆ ಹೆಚ್ಚಿನ ದರ ಹಾಕಿದ್ದರು. ಕರಾರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಮಲಯಾಳದಲ್ಲಿ ಮಾತ್ರ, ಅದು ಇದೆ. ಕನ್ನಡದವರೇ ಹೆಚ್ಚಾಗಿ ಬರುವ ಜಾಗದಲ್ಲಿ ಕರಾರಿನ ಎರಡೂ ಬದಿ ಕನ್ನಡದಲ್ಲಿಯೂ ಇರಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಮುಂದಿನ ಮುದ್ರಣದಲ್ಲಿ ಸೇರಿಸುತ್ತೇವೆ ಎಂದಿದ್ದಾರೆ, ಸೇರಿಸುವವರೆಗೆ ಸಹಿ ಹಾಕುವವರು ಹಿಂಬದಿಯನ್ನು ಓದಿಸಿಕೊಳ್ಳಬೇಕು.

ಅಡಿಗೆ, ಶುಚಿತ್ವ, ಕೊಟ್ಟ ಮಾತಿನ ಪಾಲನೆ ಈ ಮೂರಕ್ಕಾಗಿ ನಾನು ಈ ವ್ಯವಸ್ಥೆಯನ್ನು ಬಂಧುಗಳಿಗೆ ಧೈರ್ಯವಾಗಿ ಹೇಳುತ್ತೇನೆ. ಹೊಗೆಯ ಸಮಸ್ಯೆ ಪರಿಹಾರವಾಗುವವರೆಗೆ, ಉಬ್ಬಸವಿರುವ ಹಿರಿಯರು ಮನೆಯಲ್ಲಿದ್ದರೆ ಮಂಟಪವನ್ನು ಹೊರಗಿನ ಚಪ್ಪರದಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು, ಅದಕ್ಕೆ ಅವರು ಹೆಚ್ಚು ಹಣ ಕೇಳುವುದಿಲ್ಲ. ಏಪ್ರಿಲ್ ಮೇ ತಿಂಗಳ ಮುಹೂರ್ತಗಳಿಗೆ ದಿನ ಬೇಕಾದವರು ಹಿಂದಿನ ಆಟಿಯಲ್ಲಿಯೇ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ಹೋಗಿ ಮಾತಾಡಬೇಕು. ಆ ತಿಂಗಳಲ್ಲಿ ಮದುವೆಗಳಿರುವುದಿಲ್ಲ, ಮ್ಯಾನೇಜರರಿಗೆ ಬಿಡುವಿರುತ್ತದೆ, ಅಡಿಗೆಮನೆಯನ್ನೂ ಎರಡೂ ಕೋಣೆಗಳನ್ನೂ ನಿಧಾನವಾಗಿ ನೋಡಬಹುದು. ಮದುಮಗ ಜತೆಗಿದ್ದರೆ ಮಾತ್ರ ಪುಸ್ತಕ ತೆಗೆಯುತ್ತಾರೆ.